ಒಂದೇ ಸ್ಟಾರಿನ ಖಾನಾವಳಿ

ಬರೆಯುತ್ತಿರುವವನು ಸಕ್ರಪ್ಪನೇ ಎಂದು ಶಿವರಂಜನಿ ಖಾತ್ರಿ ಮಾಡಿಕೊಂಡಳು.

ಲಕ್ಷ್ಮೇಶ್ವರದ ಬಜಾರಿನಲ್ಲಿ ಹನಮಂತವ್ವನ ಖಾನಾವಳಿಗೆ ಎದುರಾಗಿಯೇ ಅವನ ಹೋಟೆಲ್. ಊಟದ ಹೊತ್ತು ಮುಗಿದ ಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ಫೋನ್ ಒತ್ತುತ್ತ ಕೂರುತ್ತಾನೆ. ಹನಮಂತವ್ವನ ಊಟಕ್ಕೆ ಆನ್‌ಲೈನಿನಲ್ಲಿ ಒಂದೇ ಸ್ಟಾರ್ ಕೊಟ್ಟು ಬೈಯುವ 'ಹಸಿದ ಹೊಟ್ಟಿ' ಎಂಬ ಖಾತೆಗೆ ಜೀವ ಬರುವುದೂ ಅದೇ ಹೊತ್ತಿಗೆ.

'ರೊಟ್ಟಿ ಚಪ್ಪಲಿ ಇದ್ದಂಗ ಅದಾವು ಪಲ್ಯಾ ನಿನ್ನೀದು ಸಾರು ಬರೇ ನೀರು ದೂರದಿಂದ ಬರಾವ್ರು ಬರಬ್ಯಾಡ್ರಿ ಶೇಂಗಾ ಚಟ್ನಿ ಒಂದ ಚಲೋ ಐತಿ'

ಎಲ್ಲವೂ ಹೀಗೇ. ಎಲ್ಲೂ ಒಂದು ಪೂರ್ಣವಿರಾಮವಿಲ್ಲ. ಒಂದೇ ಉಸಿರು.

ಶಿವರಂಜನಿಯ ಪಿಎಚ್‌ಡಿ ಆನ್‌ಲೈನ್ ವೇದಿಕೆಗಳನ್ನು ಕಾನೂನು ಹೇಗೆ ಹಿಡಿತದಲ್ಲಿಡಬೇಕು ಎಂಬುದರ ಮೇಲೆ. ಬರೆಯುವುದೆಲ್ಲ ಮುಗಿದಿತ್ತು, ಕೊನೆಯ ಅಧ್ಯಾಯವೊಂದು ಬಿಟ್ಟು. "ಕಾನೂನು ಪುಸ್ತಕದಾಗ ಐತಿ, ಗೊತ್ತಾತು," ಎಂದಿದ್ದರು ಗೈಡ್. "ಅದರಿಂದ ಒಬ್ಬರಿಗಾದ್ರೂ ಒಳ್ಳೇದಾಗಿದ್ದು ತೋರಸು. ಅಲ್ಲೀತನಕ ನಾ ಸಹಿ ಮಾಡಂಗಿಲ್ಲ." ಅದಕ್ಕೇ ಬೆಟಗೇರಿಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಸುಳ್ಳು ವಿಮರ್ಶೆ, ದೂರು ಕೇಳಲೇಬೇಕಾದ ಕಂಪನಿ, ಅನ್ಯಾಯಕ್ಕೊಳಗಾದ ಹೆಂಗಸು. ಇಲ್ಲಿ ಎಲ್ಲವೂ ಇತ್ತು. ಆ ಹೆಂಗಸಿಗೆ ಮಾತ್ರ ಅನ್ಯಾಯವಾದಂತೆ ಅನಿಸಿರಲಿಲ್ಲ.

"ಬರೀಲಿ ಬಿಡವಾ," ಎಂದಳು ಹನಮಂತವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಬರಿಯಾವ್ರಿಗೆ ಏನ ತ್ರಾಸ ಐತೋ ಏನೋ."

"ಗಿರಾಕಿ ಬರೋದ ನಿಂತೈತಲ್ರಿ ಅವ್ವಾರ."

"ಬಾಗಲಿಗೆ ಬಂದವ್ರನ್ನ ಇಲ್ಲ ಅನಬಾರದು ಅಂತ ನಮ್ಮತ್ತಿ ಕಲಿಸ್ಯಾಳ. ಬರದವ್ರನ್ನ ಯಾಕ ಬರಲಿಲ್ಲ ಅಂತ ಕೇಳಾಕ ಕಲಿಸಿಲ್ಲ."

ಖರೆ, ಖಾನಾವಳಿ ಖಾಲಿಯೇನೂ ಇರಲಿಲ್ಲ. ತಿಂಗಳೂಟದ ಮಾಸ್ತರರು, ಕಾಲೇಜು ಹುಡುಗರು ತಂತಮ್ಮ ಜಾಗದಲ್ಲಿ ಕೂತು ಉಣ್ಣುತ್ತಿದ್ದರು. ರೊಟ್ಟಿ ಬಡಿಯಲು ಹನಮಂತವ್ವ ಮತ್ತು ಸೊಸೆ ದುರ್ಗಾ, ಇಬ್ಬರೇ. ಹಿಂದೊಮ್ಮೆ ಯಾರೋ ಇಲ್ಲಿಯ ಊಟದ ವಿಡಿಯೋ ಹಾಕಿ, ಹುಬ್ಬಳ್ಳಿಯಿಂದೆಲ್ಲ ಕಾರುಗಳು ಬರತೊಡಗಿದ್ದವು. 'ಹಸಿದ ಹೊಟ್ಟಿ' ಹುಟ್ಟಿದ ಮೇಲೆ ಅವು ನಿಂತವು.

ಶಿವರಂಜನಿ ರಸ್ತೆ ದಾಟಿ ಸಕ್ರಪ್ಪನನ್ನೇ ಕೇಳಿದಳು. ಅವನು ನಕ್ಕ.

"ತಂಗಿ, ಅಲ್ಲೆ ಜಾಗಾ ಸಿಗದವ್ರ ನನ್ನ ಗಿರಾಕಿ. ಕಾರು ನಿಂತಾಗಿಂದ ನನ್ನ ಇಡ್ಲಿ ನಾನ ತಿನ್ನಾಕತ್ತೀನಿ. ನಾ ಯಾಕ ಬರೀಲಿ?"

ಹಾಗಾದರೆ ಖಾಸಿಂಸಾಬನೇ ಇರಬೇಕು. ನಿವೃತ್ತ ಮಾಸ್ತರ. ಕಿಟಕಿ ಪಕ್ಕದ ಜಾಗ ಅವನದೇ. ಕಾರಿನವರು ಬರುತ್ತಿದ್ದಾಗ ಆ ಜಾಗ ಕೈತಪ್ಪಿ, ನಿಂತೇ ಉಂಡಿದ್ದನಂತೆ. ಕಾರಣವಿತ್ತು, ಫೋನೂ ಇತ್ತು.

"ಚಾಚಾ, ಹಸಿದ ಹೊಟ್ಟಿ ನೀವ ಏನ್ರಿ?"

ಖಾಸಿಂಸಾಬ ತಾಟಿನಿಂದ ತಲೆಯೆತ್ತಿ ಒಳಗೊಮ್ಮೆ ನೋಡಿ ದನಿ ತಗ್ಗಿಸಿದ. "ಬರಿಯಾವ ನಾ ಆಗಿದ್ರ ಮೊದಲ ಚಟ್ನಿಗೇ ಬೈತಿದ್ದೆ. ಬಳ್ಳೊಳ್ಳಿ ಭಾಳ. ಒಮ್ಮೆ ಬಾಯಿಬಿಟ್ಟು ಅಂದಿದ್ದಕ್ಕ ಆಕಿ ಒಂದ ವಾರ ನನ್ನ ತಾಟಿಗೆ ಚಟ್ನಿನ ಹಾಕಲಿಲ್ಲ. ಬಾಯಿಲೇ ಏನೂ ಅನ್ನಲಿಲ್ಲ ನೋಡು."

ಅಡುಗೆಮನೆಯಿಂದ ಹನಮಂತವ್ವನ ಮಾತು ಸಣ್ಣಗೆ ಕೇಳುತ್ತಿತ್ತು.

"ಅತ್ತಿ ಫೋನಿನ್ಯಾಗ ಅದಾರ್ರಿ," ಎಂದಳು ದುರ್ಗಾ, ತಾಟು ಎತ್ತುತ್ತ. "ಊಟದ ಗದ್ದಲ ಮುಗದ ಮ್ಯಾಲ ದಿನಾ ಅದ."

ಮುಂಡರಗಿಗೆ ಮದುವೆ ಮಾಡಿಕೊಟ್ಟ ಮಗಳೊಬ್ಬಳಿದ್ದಾಳಲ್ಲ, ಅವಳ ಜೊತೆ ಇರಬೇಕು ಎಂದುಕೊಂಡಳು ಶಿವರಂಜನಿ. ತಾಯಿ ಮಗಳ ಮಾತಿಗೆ ಕಿವಿಗೊಡಬಾರದೆಂದು ಎದ್ದು ಹೊರಬಂದಳು.

ಬರೆಯುತ್ತಿರುವವರು ಯಾರೆಂದು ಕಾನೂನಿಗೆ ಗೊತ್ತಾಗಲೇಬೇಕೆಂದಿಲ್ಲ. ಬರೆದದ್ದು ಸುಳ್ಳೆಂದು ಗೊತ್ತಾದರೆ ಸಾಕು. ಬಸ್ಸಿನಲ್ಲಿ ಕೂತು ಕಂಪನಿಗೆ ತಾನೇ ದೂರು ಬರೆದಳು. ರೊಟ್ಟಿಯ ಫೋಟೋ ಹಾಕಿದಳು, ನಿಯಮ ಹೇಳಿದಳು, ಉತ್ತರ ಬರುವವರೆಗೂ ಬೆನ್ನು ಬಿಡಲಿಲ್ಲ. ಒಂದು ದಿನ 'ಹಸಿದ ಹೊಟ್ಟಿ' ಬರೆದದ್ದೆಲ್ಲ ಖಾತೆಯ ಸಮೇತ ಅಳಿಸಿಹೋಯಿತು. ಕೊನೆಯ ಅಧ್ಯಾಯ ಸರಾಗವಾಗಿ ಬಂತು. ಗೈಡ್ ಮೊದಲ ಸಲ 'ಶಾಬಾಸ್' ಎಂದು, ಸಹಿಗೆ ಬರಲು ಹೇಳಿದರು.

ಅದಕ್ಕೂ ಮುಂಚೆ ಸುದ್ದಿ ಮುಟ್ಟಿಸೋಣವೆಂದು ಸಿಹಿ ಕಟ್ಟಿಸಿಕೊಂಡು ಲಕ್ಷ್ಮೇಶ್ವರಕ್ಕೆ ಬಂದರೆ, ಖಾನಾವಳಿಯ ಮುಂದೆ ಕಾರುಗಳ ಸಾಲು. ಖಾಸಿಂಸಾಬ ಕಟ್ಟೆಯ ಮೇಲೆ ತಾಟು ಹಿಡಿದು ನಿಂತಿದ್ದ. ಕಾಲೇಜು ಹುಡುಗರು ರೊಟ್ಟಿ ಸಿಗದೆ ಬರೀ ಅನ್ನ ಕಲಸುತ್ತಿದ್ದರು. ಎದುರಿಗೆ ಸಕ್ರಪ್ಪ ಮಾತ್ರ ಅವಳಿಗೆ ಎದ್ದು ಕೈಮುಗಿದ. ಹನಮಂತವ್ವ ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ "ಬರ್ರಿ, ಕುಂಡ್ರಿ" ಅನ್ನುತ್ತಲೇ ಇದ್ದಳು.

"ಯಾರೋ ಅವನ್ನೆಲ್ಲಾ ಅಳಿಸ್ಯಾರಂತಲ್ಲವಾ?" ಎಂದಳು ಶಿವರಂಜನಿಯತ್ತ ತಿರುಗಿ.

"ನಾನ ಅಳಿಸಿದ್ದರಿ, ಅವ್ವಾರ."

ಹನಮಂತವ್ವ ಅವಳನ್ನೇ ನೋಡಿದಳು. ಇಷ್ಟು ಹೊತ್ತು ನಿಲ್ಲದ ರೊಟ್ಟಿಯ ಸದ್ದು ಆಗ ನಿಂತಿತು.

"ಹೌದೇನವಾ," ಎಂದಳು. "ಕುಂಡ್ರು. ಉಣ್ಣು."

ಬಿಸಿ ರೊಟ್ಟಿ ಬಂತು, ಪಲ್ಯ ಬಂತು, ಮೊಸರು ಬಂತು. ಚಟ್ನಿ ಬರಲಿಲ್ಲ. ಗದ್ದಲದಲ್ಲಿ ಮರೆತಿರಬೇಕು ಎಂದುಕೊಂಡು ಉಂಡಳು.

ಮಂದಿ ಕರಗಿತು. ಅಡುಗೆಮನೆಯಲ್ಲಿ ಹನಮಂತವ್ವನ ಮಾತು ಶುರುವಾಯಿತು. ಅದು ನಿಂತ ಮರುಗಳಿಗೆ ಶಿವರಂಜನಿಯ ಫೋನ್ ಮಿಡಿಯಿತು: ಈ ಖಾನಾವಳಿಗೆ ಹೊಸ ವಿಮರ್ಶೆ, ಒಂದೇ ಸ್ಟಾರ್, ಖಾತೆಯ ಹೆಸರು 'ಖಾಲಿ ತಾಟು'.

ಗೋಡೆಯಾಚೆಯಿಂದ ಈಗಷ್ಟೇ ಕೇಳಿದ್ದು ಅವಳ ಕೈಯಲ್ಲಿದ್ದ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಬಿದ್ದಿತ್ತು: 'ರೊಟ್ಟಿ ಸುಟ್ಟ ಕರಕಲ ಆಗ್ಯಾವು ದೂರದಿಂದ ಬರಾವ್ರು ಬರಬ್ಯಾಡ್ರಿ ಪಿಎಚ್‌ಡಿ ಮಾಡಾವ್ರಂತೂ ಬರಬ್ಯಾಡ್ರಿ ಶೇಂಗಾ ಚಟ್ನಿ ಒಂದ ಚಲೋ ಐತಿ'