ಮಚ್ಛೇಂದ್ರನ ಹಗುರ ಪೆಟ್ಟಿಗೆ

ಇಷ್ಟು ಹಗುರ ಕ್ಯಾಮೆರಾ ಯಾವ ದೇಶದ್ದು?

ಗೋರಖನಾಥನಿಗೆ ಬಗೆಹರಿಯಲಿಲ್ಲ. ಮಚ್ಛೇಂದ್ರ ಚಹಾ ಕುಡಿಯಲು ಎದ್ದುಹೋದ ಸಂದಿನಲ್ಲಿ ಅವನ ಕ್ಯಾಮೆರಾ ಪೆಟ್ಟಿಗೆಯನ್ನು ತುಸು ಎತ್ತಿ ನೋಡಿದ್ದ. ಹೂವಿನ ಬುಟ್ಟಿಯಂತೆ ಮೇಲೆದ್ದು ಬಂದಿತ್ತು!

ಆ ಬರದ ವರ್ಷ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಬರ್ಗಾ, ಭಾತಂಬ್ರಾ, ಔರಾದ ಕಡೆಯ ಮಂದಿ ಗಂಟುಮೂಟೆ ಕಟ್ಟಿ ಪುಣೆಗೆ ಹೊರಟಿದ್ದರು. ಹೊರಡುವ ಮೊದಲು ಮನೆಮಂದಿಯೆಲ್ಲ ಸೇರಿ ಒಂದು ಫೋಟೊ ತೆಗೆಸಲೇಬೇಕು. ಒಂದು ಪ್ರತಿ ಊರಲ್ಲಿ ಉಳಿದವರಿಗೆ, ಒಂದು ಟ್ರಂಕಿಗೆ. ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದ ಗೋರಖನಾಥ ಬೇವಿನ ನೆರಳಲ್ಲಿ ಕೂತು ನೊಣ ಹೊಡೆಯುತ್ತಿದ್ದ. ಎದುರಿನ ಸುಡುಬಿಸಿಲಲ್ಲಿ ಮಚ್ಛೇಂದ್ರನ ಮುಂದೆ ಉದ್ದಕ್ಕೆ ಸಾಲು.

ಬೀದರಿನ ಮಚ್ಛೇಂದ್ರ ಕ್ಯಾಮೆರಾ ಮಾಡುವವ. ಸಾಗವಾನಿ ಹಲಗೆ, ಹಿತ್ತಾಳೆ ಕೊಂಡಿ, ಹಿಂದೆ ಕರಿಬಟ್ಟೆ. ಈ ಕಡೆಯ ಬೀದಿ ಫೋಟೊದವರೆಲ್ಲ ಅವನ ಪೆಟ್ಟಿಗೆಯೊಳಗೆ ತಲೆ ತೂರಿಸಿಯೇ ಕೆಲಸ ಕಲಿತವರು, ಗೋರಖನಾಥನೂ ಸೈ. ಈಗ ಪೆಟ್ಟಿಗೆ ಕೇಳುವವರಿಲ್ಲ. ಗರಗಸ, ಉಳಿ, ಹಲಗೆ ಎಲ್ಲ ಮಾರಿ ಅವನೂ ಡಿಜಿಟಲ್ ತಂದಿದ್ದನಂತೆ. ಇದೂ ನಡೆಯದಿದ್ದರೆ ಗಂಡ ಹೆಂಡತಿ ಪುಣೆಯ ಬಸ್ ಹತ್ತುವುದೇ.

ಆದರೆ ಆ ಡಿಜಿಟಲನ್ನು ಕಂಡವರಿಲ್ಲ. ಕಾಣುವುದು ಉಳಿಸಿಕೊಂಡ ಒಂದೇ ಹಳೆಯ ಪೆಟ್ಟಿಗೆ. ಒಳಗೆ ಕೂರಿಸಿದ್ದಾನೆ ಎಂದು ಎಲ್ಲರ ಎಣಿಕೆ.

ಗೋರಖನಾಥನ ಹೊಟ್ಟೆ ಉರಿಸಿದ್ದು ಮಚ್ಛೇಂದ್ರನ ಫೋಟೊ. ತನ್ನ ಕ್ಯಾಮೆರಾ ಕಂಡರೆ ಸಾಕು, ಜನ ಉಸಿರು ಕಟ್ಟಿ ಅಷ್ಟೂರಿನ ಗೋರಿ ಗುಮ್ಮಟಗಳ ಹಾಗೆ ನಿಲ್ಲುತ್ತಿದ್ದರು. ಮಚ್ಛೇಂದ್ರನ ಮುಂದೆಯೂ ಹಾಗೇ ನಿಲ್ಲುತ್ತಿದ್ದರು. ಆದರೂ ಅವನ ಫೋಟೊದಲ್ಲಿ ಎಲ್ಲರ ಮುಖದ ತುಂಬ ನಗು! ಔರಾದದ ಮುದುಕಿ ಹೀರಾಬಾಯಿ ಒಂದೂ ಹಲ್ಲಿಲ್ಲದೆ ಬಾಯಿತುಂಬ ನಕ್ಕಿದ್ದಳು.

ಮಚ್ಛೇಂದ್ರನ ಹೆಂಡತಿ ಶಾಲುಬಾಯಿ ಗಿರಾಕಿಗಳ ತಲೆ ಬಾಚಿ, ಪೌಡರ್ ಹಚ್ಚಿ, ಬುಟ್ಟಿ ಹಿಡಿದು ಪೆಟ್ಟಿಗೆಯ ಕಾಲ ಬಳಿ ಕೂರುತ್ತಿದ್ದಳು. ಮಚ್ಛೇಂದ್ರ ಕರಿಬಟ್ಟೆಯೊಳಗೆ ತೂರಿ "ಅಲುಗಾಡಬ್ಯಾಡ್ರಿ!" ಎಂದರೆ ಎಲ್ಲರೂ ಕಲ್ಲು. ಆಮೇಲೆ ಕೆದರಿದ ತಲೆ ಹೊರಹಾಕಿ, ಜೋರಾಗಿ ಒಂದು ಸೀನು ಸೀನಿ, "ಆತು, ಉಸುರು ಬಿಡ್ರಿ! ಸತ್ತುಗಿತ್ತೀರಿ!" ಎನ್ನುತ್ತಿದ್ದ. ಘೊಳ್ಳೆಂದು ನಗು. ಶಾಲುಬಾಯಿ ಬುಟ್ಟಿ ಎತ್ತಿಕೊಂಡು, ಫೋಟೊ ತರಲು ಕಂಪ್ಯೂಟರ್ ಅಂಗಡಿಗೆ ನಡೆಯುತ್ತಿದ್ದಳು.

ಗೋರಖನಾಥನಿಗೆ ತಡೆಯಲಾಗಲಿಲ್ಲ.

"ಕಾಕಾ, ಪೆಟ್ಟಿಗಿ ತೆಗೀರಿ. ಒಳಗ ಯಾವ ಕ್ಯಾಮೆರಾ ಅದ, ನಾಕು ಮಂದಿ ನೋಡ್ಲಿ."

"ಯಾಕೋ ಗೋರಖಾ? ನೆರಳಾಗ ಕುಂತವಗ ಇಷ್ಟ್ಯಾಕ ಬಿಸಿ?"

"ಡಿಜಿಟಲ್ ತೋರಿಸ್ರಿ, ಈ ಬೇವಿನ ನೆರಳು ನಿಮಗ ಬಿಡ್ತೇನಿ. ಇಲ್ಲಂದ್ರ ಸಂಜಿ ಪುಣೆ ಬಸ್ಸಿಗೆ ನೀವೂ ನಡೀರಿ."

ಸಾಲಿನವರು ಕತ್ತು ಚಾಚಿದರು. ಮಚ್ಛೇಂದ್ರ ಹೆಂಡತಿಯ ಮುಖ ನೋಡಿದ. ಅವಳು ಬುಟ್ಟಿಯ ಮೇಲೆ ಸೆರಗು ಸರಿಮಾಡಿಕೊಂಡಳು.

"ತೆಗೀರಿ, ಅಂಜಿಕಿ ಯಾಕ?" ಅಂದಳು ಗಂಡನಿಗೆ.

ಗೋರಖನಾಥ ಪೆಟ್ಟಿಗೆಗೆ ಎದುರಾಗಿ ಉಸಿರು ಬಿಗಿಹಿಡಿದು ನಿಂತ. ಕೊಂಡಿ ಕಳಚಿತು. ಬಾಗಿಲು ತೆರೆಯಿತು.

ಬರೀ ಹಲಗೆ. ಮೂಲೆಯಲ್ಲಿ ಅರ್ಧ ಜೋಳದ ರೊಟ್ಟಿ, ಒಂದು ಹಸಿ ಮೆಣಸಿನಕಾಯಿ.

ಗೋರಖನಾಥ ಕಟ್ಟಿದ ಉಸಿರು ಸಿಡಿದು ನಗೆಯಾಯಿತು. "ಎಲಾ ಕಾಕಾ! ರೊಟ್ಟಿ ಡಿಜಿಟಲ್!" ತೊಡೆ ತಟ್ಟಿ ನಕ್ಕ, ತಲೆ ಹಿಂದಕ್ಕೊಗೆದು ನಕ್ಕ. ಭಜನೆಯವರು ಒಬ್ಬರ ಹಿಂದೊಬ್ಬರು ಸೊಲ್ಲು ಹಿಡಿದಂತೆ ಸಾಲಿಗೆ ಸಾಲೇ ನಗತೊಡಗಿತು. "ನಡೀರಿ, ಬಸ್ ಹತ್ರಿ!"

"ಆತು," ಎಂದ ಮಚ್ಛೇಂದ್ರ, ಒಂದು ಸೀನು ಸೀನಿ.

ಶಾಲುಬಾಯಿ ಎದ್ದು ನಿಂತಳು. ಸೆರಗಿನಡಿಯ, ಮುಂದೊಂದು ತೂತಿದ್ದ ಬುಟ್ಟಿಯಿಂದ ಪೌಡರ್ ಡಬ್ಬಿಗಿಂತ ದೊಡ್ಡದಲ್ಲದ, ಥಳಥಳ ಹೊಳೆಯುವ ಕ್ಯಾಮೆರಾ ತೆಗೆದು ಅದರ ಬೆನ್ನನ್ನು ಗೋರಖನಾಥನ ಕಡೆಗೆ ತಿರುಗಿಸಿದಳು. ಪುಟ್ಟ ಪರದೆಯ ಮೇಲೆ, ಈಗಷ್ಟೇ ತೆಗೆದ ಫೋಟೊದಲ್ಲಿ, ಅವನು ಇದ್ದಷ್ಟೂ ಹಲ್ಲು ಬಿಟ್ಟು ನಗುತ್ತಿದ್ದ.

"ನೆರಳು ಬಿಡಪಾ ಗೋರಖಾ," ಅಂದಳು. "ನಿಂದೂ ಭಾಳ ಛಂದ ಬಂದದ."