ಬರೆಯದೇ ಪಾಸಾದವರು

ಮಗಳ ಆನ್‌ಲೈನ್ ಪಾಠಕ್ಕೆಂದು ಸಿಗ್ನಲ್ ಸಿಗುವ ಕೆರೆ ಏರಿಯ ಮೇಲೆ ವರ್ಷವಿಡೀ ಕೊಡೆ ಹಿಡಿದು ಕೂತವಳು ತಾಯಿ. ಕಡೆಗೆ ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ರದ್ದಾಗಿ, ಸರ್ಕಾರ ಎಲ್ಲರನ್ನೂ ಪಾಸು ಮಾಡಿತು. ಡಿಗ್ರಿಯ ಅರ್ಜಿಗೆ ನಾಳೆಯೇ ಕಡೆಯ ದಿನ. ಬೇಕಾಗಿದ್ದದ್ದು ತಂದೆಯ ಒಂದು ಸಹಿ. ಮಹಾನುಭಾವರು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಒಂದಕ್ಷರ ಬರೀದೆ ಪಾಸಾದೋಳ್ಗೆ ಡಿಗ್ರಿ ಬೇರೆ ಕೇಡು!"

"ಬರಿಯಾಕಿಲ್ಲ ಅಂತ ಅವ್ಳೇನಾರ ಅಂದಿದ್ಲಾ? ನಿಮ್ ದಮ್ಮಯ್ಯ, ಒಂದು ಸೈನ್ ಹಾಕಿ."

"ಇಂತಾ ಕೊರೊನಾ ಪಾಸು ನಂಗೆ ಬಿಟ್ಟಿ ಕೊಟ್ಟಿದ್ರೂ ಮಕದ್ ಮ್ಯಾಲೆ ಎಸೀತಿದ್ದೆ ಕಣಮ್ಮಿ!"

ಅಷ್ಟರಲ್ಲಿ ಆತನ ಫೋನು ಬಡಿದುಕೊಂಡಿತು. ಆತನ ಕೈಯೆಲ್ಲ ಸುಣ್ಣವಾದ್ದರಿಂದ ಹೆಂಡತಿಯೇ ಸ್ಪೀಕರ್ ಒತ್ತಿ ಮುಂದೆ ಹಿಡಿದಳು. ಪಿಯು ಕಾಲೇಜಿನ ಗುಮಾಸ್ತರು.

"ಪುಟ್ಟಮಾದಯ್ಯನೋರೇ, ಮನೇಲಿ ಗೊತ್ತಾಗ್‌ಬಾರ್ದು ಅಂತಿದ್ರಲ್ಲ, ಇನ್ಮೇಲೆ ಧೈರ್ಯವಾಗಿ ಹೇಳ್ಕಳಿ! ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದ್ದೋರ್ನೂ ಬರೆಸ್ದೇನೆ ಪಾಸ್ ಮಾಡ್ಬುಟ್ಟವ್ರೆ. ಎಂಟು ವರ್ಸದಿಂದ ಕಟ್ತಿದ್ದ ನಿಮ್ ಇಂಗ್ಲಿಷು ಪಾಸಾಯ್ತು!"