ಸಿಕ್ಕಿದ್ದು ಯಾರಿಗೆ

ಶುಕ್ರವಾರ ಬೆಳಿಗ್ಗೆ ತನಿಯ ದೋಹಾದ ಕರಾವಳಿಯವರ ಸಂಘದ ಹಾಲ್‌ಗೆ ಬಂದು ನೋಡಿದರೆ, ಹವ್ಯಾಸ ಪ್ರದರ್ಶನಕ್ಕೆಂದು ನಿಲ್ಲಿಸಿದ್ದ ಅವನ ಬೋರ್ಡಿನ ಹನ್ನೆರಡು ಹಾಳೆಗಳಲ್ಲೂ ಕೊನೆಯ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಲಾಗಿತ್ತು. ಅಂಚೆಚೀಟಿಗಳು ಮಾತ್ರ ಇದ್ದ ಹಾಗೇ ಇದ್ದವು. ಚಿನ್ನದ ಶಿರಸ್ತ್ರಾಣ, ಕಂಚಿನ ರಥ, ಮೂಗು ಮುರಿದ ದೇವತೆ, ಮಗುವನ್ನು ತಬ್ಬಿಕೊಂಡೇ ಮಣ್ಣಾದ ತಾಯಿಯ ಎಲುಬುಗೂಡು. ಯುರೋಪಿನ ದೇಶಗಳು ಕಳೆದ ವರ್ಷ ತಮ್ಮ ತಮ್ಮ ನೆಲದಡಿ ಸಿಕ್ಕಿದ್ದನ್ನೆಲ್ಲ ಚೀಟಿ ಮಾಡಿ ಮೆರೆಸಿದ್ದವು. ತನಿಯ ಅವುಗಳಲ್ಲಿ ಹನ್ನೆರಡನ್ನು ಕೂಡಿಸಿ, ದೇಶ, ವಸ್ತು, ಇಸವಿ ಬರೆದು, ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ್ದ. ಮುಚ್ಚಿದ್ದು ಅದನ್ನೇ.

"ಯಾರು ಅಂಟಿಸಿದ್ದು ಇದು?"

"ನಾನೇ," ಎಂದ ಪ್ರದರ್ಶನದ ಉಸ್ತುವಾರಿ ಹೊತ್ತ ರಾಕೇಶ್, ಗಮ್ ಸ್ಟಿಕ್ಕಿಗೆ ಮುಚ್ಚಳ ಹಾಕುತ್ತ. "ಬೇಜಾರು ಮಾಡ್ಬೇಡಿ ತನಿಯಣ್ಣ. ಉಳಿದದ್ದೆಲ್ಲ ಫಸ್ಟ್ ಕ್ಲಾಸ್ ಉಂಟು. ಈ ಒಂದು ಲೈನ್ ಎಂತಕ್ಕೆ? 'ಸಿಕ್ಕಿದ್ದು ಯಾರಿಗೆ: ಗೊತ್ತಿಲ್ಲ.' ಹನ್ನೆರಡು ಸಲ ಅದೇ! ನೋಡಿದವರು ನಮ್ಮವರಿಗೆ ಏನೂ ಗೊತ್ತಿಲ್ಲ ಅಂತ ನಗಾಡ್ತಾರೆ."

"ಸಿಕ್ಕಿತು ಅಂದ್ಮೇಲೆ ಯಾರಿಗೆ ಅಂತ ಬೇಡ್ವಾ ಸರ್?"

"ಪ್ರೊಫೆಸರ್ ಹೆಸರು ನೆಟ್‌ನಲ್ಲಿ ಇರ್ತದಲ್ಲ, ಅದನ್ನು ಹಾಕಿ."

"ಪ್ರೊಫೆಸರ್ ಬಂದದ್ದು ಆಮೇಲೆ. ಮೊದಲು ಠಣ್ ಅಂತ ತಾಗಿದ್ದು ಯಾರ ಪಿಕ್ಕಾಸಿಗೆ? ಆ ಹೆಸರಿಗಾಗಿ ನಾನು ಎರಡು ತಿಂಗಳು ಹುಡುಕಿದ್ದೇನೆ. ಎಲ್ಲಿಯೂ ಇಲ್ಲ."

"ಖಲಾಸ್ ತನಿಯಣ್ಣ, ಇನ್ನು ಮಾತಿಲ್ಲ. ಹತ್ತಕ್ಕೆ ಜಡ್ಜ್ ಬರ್ತಾರೆ. ಪಟ್ಟಿ ಇದ್ರೆ ನಿಮ್ಮ ಬೋರ್ಡ್ ಇರ್ತದೆ. ಪಟ್ಟಿ ತೆಗೆದ್ರೆ ಬೋರ್ಡನ್ನೇ ಇಳಿಸ್ತೇನೆ."

ರಾಕೇಶ್ ಕೆಟ್ಟವನೇನಲ್ಲ. ಐನ್ ಖಾಲಿದ್ ಬಡಾವಣೆಯ ತನ್ನ ಮನೆಯಿಂದ ಹೊರಟು, ಸುತ್ತು ಹಾಕಿಕೊಂಡು ಬರ್ವಾ ಅಲ್ ಬರಾಹಾದಲ್ಲಿ ತನಿಯ ಇರುವ ಕಾರ್ಮಿಕರ ಕ್ಯಾಂಪಿಗೆ ಬಂದು, ಈ ಬೋರ್ಡನ್ನು ತನ್ನ ಕಾರಿನಲ್ಲೇ ತಂದವನು. ಆದರೆ ಎಸಿಯಲ್ಲಿ ಕೂತು ಬೆಳೆದವನಿಗೆ ಸಿಗುವುದೆಲ್ಲ ತಾನಾಗಿಯೇ ಸಿಗುತ್ತದೆ. ತನಿಯನ ಮನೆತನದ ಕಥೆ ಬೇರೆ. ಊರಿನ ಜಮೀನ್ದಾರರ ಗುತ್ತಿನ ಮನೆಯ ಬಾವಿ ತೋಡಿದ್ದು ಅವನ ಅಜ್ಜ. ಇಪ್ಪತ್ತೆರಡು ಕೋಲು ಆಳದಲ್ಲಿ ಮೊದಲು ನೀರು ಕಂಡದ್ದೂ ಅಜ್ಜನೇ. ಮರುದಿನದಿಂದ ಅದು ಗುತ್ತಿನವರ ಬಾವಿ, ಅಜ್ಜ ಅದರ ಕಟ್ಟೆಯನ್ನೂ ಮುಟ್ಟುವ ಹಾಗಿರಲಿಲ್ಲ.

ಕತಾರಿಗೆ ಬಂದು ಹದಿನೆಂಟು ವರ್ಷ ತನಿಯ ತೋಡಿದ್ದೂ ಬೇರೆಯವರ ಪೈಪಿನ ಗುಂಡಿಗಳನ್ನೇ. ನಡುವೆ ಮೂರು ಚಳಿಗಾಲ ಮಾತ್ರ ಉತ್ತರದ ಕಡಲ ದಂಡೆಯ ಉತ್ಖನನದಲ್ಲಿ, ಎಲಿಜಬೆತ್ ಎಂಬ ವಿದೇಶಿ ಮೇಡಂ ಕೈಕೆಳಗೆ ಕೆಲಸ ಮಾಡಿದ್ದ. ಮುತ್ತಿಗಾಗಿ ಮುಳುಗುವವರು ಕಾಲಿಗೆ ಕಟ್ಟುತ್ತಿದ್ದ ಹಳೇ ಕಲ್ಲೊಂದು ಅಲ್ಲಿ ಅವನಿಗೆ ಸಿಕ್ಕಿತು. ಮೇಡಂ ವರದಿಯಲ್ಲಿ ಅವನ ಹೆಸರು ಬರೆದೇಬಿಟ್ಟರು. ಬರೆದದ್ದೇನೋ 'ತಾನಿಯಾ' ಎಂದು. ಕ್ಯಾಂಪಿನವರು ಆರು ತಿಂಗಳು ಅವನನ್ನು ತಾನಿಯಾ ಮೇಡಂ ಎಂದೇ ಕರೆದು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗಲಿ! ಹೆಸರು ಬಂತಲ್ಲ. ಈ ಚೀಟಿಗಳನ್ನು ತಮ್ಮ ದೇಶದಿಂದ ಒಂದೊಂದಾಗಿ ಕಳಿಸಿದ್ದೂ ಎಲಿಜಬೆತ್ ಮೇಡಂ ಅವರೇ. ತೋಡಿದವನ ಹೆಸರು ಬರೆಯುವುದು ಅಷ್ಟು ಸುಲಭ ಎಂದು ಒಮ್ಮೆ ಕಂಡ ಮೇಲೆ, ಬರೆಯದೆ ಬಿಟ್ಟವರ ಮೇಲೆ ಸಿಟ್ಟು ಬಾರದೆ ಇರುತ್ತದೆಯೇ?

ಹತ್ತಕ್ಕೆ ಕಾಲು ಗಂಟೆ ಇರುವಾಗ ತನಿಯ ಒಂದು ಲೋಟ ನೀರು, ಒಂದು ಉಂಡೆ ಹತ್ತಿ ತಂದ. ಕವರಿನಿಂದ ಚೀಟಿ ಬಿಡಿಸುವವನಿಗೆ ಅಂಟು ಬಿಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಿಗಳ ಮೇಲೆ ಒದ್ದೆ ಹತ್ತಿ ಒತ್ತಿ, ಗಮ್ ಸಡಿಲಾಗುವವರೆಗೆ ಕಾದು, ಚಿಮಟದ ತುದಿಯಿಂದ ಮೊದಲನೆಯದನ್ನು ಮೆಲ್ಲಗೆ ಎಬ್ಬಿಸಿದ. ಅಡಿಯಲ್ಲಿ ಬಾಲ್‌ಪೆನ್ನಿನ ಅಕ್ಷರ ಒಂದಿಷ್ಟೂ ಹರಡಿರಲಿಲ್ಲ.

"ಎಂತ ಮಾಡ್ತಾ ಇದ್ದೀರಿ ತನಿಯಣ್ಣ! ಇಳಿಸ್ತೇನೆ ಅಂದದ್ದು ತಮಾಷೆಗಲ್ಲ."

"ಇಳಿಸಿ ಸರ್. ಗೇಟಿನ ಹತ್ತಿರ ಬಿಸಿಲಲ್ಲಿ ಕೈಯಲ್ಲಿ ಹಿಡ್ಕೊಂಡು ನಿಲ್ತೇನೆ. ನನಗೆ ಬಿಸಿಲು ಹೊಸತಲ್ಲ."

ರಾಕೇಶ್ ಬೋರ್ಡಿಗೆ ಕೈ ಹಾಕಿದ. ತನಿಯ ಕದಲಲಿಲ್ಲ, ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದ. ಅಷ್ಟರಲ್ಲಿ ಬಾಗಿಲಲ್ಲಿ ಜರ್ಟ್ರೂಡ್ ಟೀಚರ್ ಕಂಡರು. ಮೂವತ್ತು ವರ್ಷ ದೋಹಾದಲ್ಲಿ ಮಕ್ಕಳಿಗೆ ಪಾಠ ಹೇಳಿದ, ಅದಕ್ಕಿಂತ ಹೆಚ್ಚು ಕಾಲ ಅಂಚೆಚೀಟಿ ಕೂಡಿಟ್ಟ ಅವರೇ ಇವತ್ತಿನ ತೀರ್ಪುಗಾರರು. ರಾಕೇಶ್ ಕೈ ಬಿಟ್ಟು ನಗುಮುಖ ಮಾಡಿಕೊಂಡ. ಟೀಚರ್ ಉಳಿದ ಬೋರ್ಡುಗಳನ್ನೆಲ್ಲ ದಾಟಿ ನೇರ ಒದ್ದೆಯಾಗಿದ್ದ ಬೋರ್ಡಿನ ಮುಂದೆಯೇ ಬಂದು ನಿಂತರು.

"ಇದೆಂತ, ನಿಮ್ಮದು ಇನ್ನೂ ಮುಗೀಲಿಲ್ವಾ?"

"ಇಲ್ಲ ಟೀಚರ್," ಎಂದ ತನಿಯ, ಎರಡನೆಯ ಪಟ್ಟಿಗೆ ಚಿಮಟ ಹಾಕುತ್ತ. "ತೋಡ್ತಾ ಇದ್ದೇನೆ."

ಟೀಚರ್ ಕನ್ನಡಕ ಏರಿಸಿ ಬಗ್ಗಿದರು. ಬಯಲಾದ ಸಾಲನ್ನು ಒಮ್ಮೆ ಓದಿದರು, ತಲೆ ಹಿಂದಕ್ಕೆ ಎಳೆದು ಚೀಟಿಯ ಮೇಲಿದ್ದ ತಾಯಿ ಮಗುವನ್ನು ನೋಡಿದರು, ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಅಂಕ ಹಾಕುವ ಹಾಳೆಯ ಮೇಲೆ ಪೆನ್ನು ಊರಿ ಕೇಳಿದರು: "ಇಷ್ಟು ಒಳ್ಳೆ ಮಾತನ್ನು ಯಾರು ಮುಚ್ಚಿದ್ದು?"

ರಾಕೇಶ್ ಗಮ್ ಸ್ಟಿಕ್ಕನ್ನು ಜೇಬಿಗೆ ಇಳಿಸಿದ. ತನಿಯ ಮೂರನೆಯ ಪಟ್ಟಿಯನ್ನು ಪೂರ್ತಿ ಎತ್ತಿ ಲೋಟದ ಅಂಚಿಗೆ ಅಂಟಿಸಿದ.

"ಬರ್ಕೊಳ್ಳಿ ಟೀಚರ್. ಸಿಕ್ಕಿದ್ದು ತನಿಯನಿಗೆ. ದೀರ್ಘ ಹಾಕ್ಬೇಡಿ, ಬರೀ ತನಿಯ. ಮುಚ್ಚಿದ್ದು ಯಾರು ಅಂತ ಗೊತ್ತಿಲ್ಲ."